ಹುಳದಡಿಯ ಜಪಾನಿ ಮೃಗ

ಹಾಳೆಗೆ ಮರ್ಯಾದೆ ಕೊಡುವುದು ಓದಿದವರ ಚಾಳಿ. ನಾನು ಅಕ್ಷರ ಕೂಡಿಸಿಕೊಂಡು ಬಸ್ಸಿನ ಬೋರ್ಡು ಓದುವವಳು. ಇಷ್ಟು ಬರೆಯುವುದರೊಳಗೆ ಬೆರಳು ಸೋತಿದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಮೇಯಿಸಿದ ನನ್ನಂಥವರಿಗೆ ಹಾಳೆ ಇರುವುದೇ ಹುಳದ ತಟ್ಟೆಗೆ ಹಾಸಲು.

ಮೊಮ್ಮಗಳು ಹರ್ಷಿತಾ ಚಿಕ್ಕಬಳ್ಳಾಪುರದ ಕಾಲೇಜಿಗೆ ಹೋಗುತ್ತಾಳೆ. ಮನೆಗೆ ಬಂದರೆ ಟ್ಯಾಬಿನ ಮೇಲೆ ಕಡ್ಡಿ ಆಡಿಸುತ್ತಾ ಕೂರುತ್ತಾಳೆ. ಬರೆಯುವುದು ಮನುಷ್ಯ ಹುಟ್ಟುವ ಮೊದಲೇ ಸತ್ತುಹೋದ ಪ್ರಾಣಿಗಳನ್ನು. ಅದೂ ಜಪಾನಿನವರು ಹಿಂದೆ ಮರದ ಹಲಗೆ ಕೊರೆದು ಅಚ್ಚು ಹಾಕುತ್ತಿದ್ದ ಚಿತ್ರಗಳ ಹಾಗೆ: ಕರಿ ಗೆರೆ, ಸುರುಳಿ ಸುರುಳಿ ಅಲೆ, ನಡುವೆ ಉದ್ದ ಕತ್ತಿನ ಮೃಗ. "ಸತ್ತಿದ್ದನ್ನ ಯಾಕೆ ಬರೀತೀಯೇ, ಬದುಕಿರೋ ಎಮ್ಮೆ ಕಟ್ಟಿದೆಯಲ್ಲ" ಎಂದರೆ, "ಎಮ್ಮೇನ ಯಾರು ನೋಡ್ತಾರಜ್ಜಿ" ಎನ್ನುತ್ತಾಳೆ. ದಿನಾ ಅದರ ಹಾಲು ಕುಡಿಯುವವಳು.

ಕಾಲೇಜಿನ ಪ್ರದರ್ಶನಕ್ಕೆಂದು ಆ ಮೃಗವನ್ನು ಬೆಂಗಳೂರಿನಲ್ಲಿ ದಪ್ಪ ಹಾಳೆಯ ಮೇಲೆ ಪ್ರಿಂಟ್ ಹಾಕಿಸಿ ತಂದು, ಹಳೇ ಪೇಪರಿನ ಕಟ್ಟಿನ ಮೇಲಿಟ್ಟಿದ್ದಳು. ನಾನೋ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹೆಚ್ಚಿ ಸೊಂಟ ಬಿದ್ದುಹೋಗಿದ್ದವಳು. ಕೈಗೆ ಸಿಕ್ಕಿದ್ದನ್ನು ತಟ್ಟೆಗೆ ಹಾಸಿ ಹುಳ ಬಿಟ್ಟೆ. ಗಟ್ಟಿ ಹಾಳೆ ಸಿಕ್ಕಿತೆಂದು ಸಂತೋಷವೂ ಆಯಿತು.

ಪ್ರದರ್ಶನದ ದಿನ ಬೆಳಿಗ್ಗೆ ಕಿರುಚಿದಳು. "ಅಜ್ಜೀ! ನನ್ನ ಪ್ರಿಂಟು!"

"ಮುಟ್ಟಬೇಡ ಕಣೇ, ಹುಳ ಜ್ವರಕ್ಕೆ ಕೂತಿವೆ."

ಜ್ವರ ಎಂದರೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಅಲ್ಲಾಡದೆ ಕೂರುವ ಹೊತ್ತು. ಆಗ ಕದಲಿಸಿದರೆ ಬೆಳೆ ಕೆಡುತ್ತದೆ.

"ಇವತ್ತೇ ತೂಗುಹಾಕ್ಬೇಕು! ಬೆಂಗಳೂರಿಗೆ ಹೋಗಿ ಬರೋಕೆ ಟೈಮೆಲ್ಲಿದೆ?"

"ನಿನ್ ಮೃಗ ಸತ್ತು ಎಷ್ಟೋ ಕಾಲ ಆಯ್ತಲ್ಲಮ್ಮ, ಕಾಯ್ತದೆ. ಇವಿನ್ನೂ ಬದುಕಿವೆ."

ಅತ್ತಳು. ಸಮಾಧಾನ ಮಾಡುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ತಟ್ಟೆಯ ಅಂಚು ಹಿಡಿದುಕೊಂಡೇ ನಿಂತಿದ್ದೆ. ಕಿತ್ತುಕೊಂಡಾಳೆಂಬ ಭಯ. ಅವಳು ಮೂಗು ಒರೆಸಿಕೊಂಡು ಬಗ್ಗಿ ನೋಡಿದಳು. ಅಲೆಗಳ ಮೇಲೆಲ್ಲಾ ಹುಳಗಳು ತಲೆ ಎತ್ತಿ ಕೂತಿದ್ದವು, ನಡುವೆ ಮೃಗವೂ ಹಾಗೇ ಕತ್ತೆತ್ತಿತ್ತು. "ಅಲ್ಲಾಡಬೇಡ ಅಜ್ಜಿ" ಎಂದು ಮೊಬೈಲಿನಲ್ಲಿ ಫೋಟೊ ಹೊಡೆದು ಬಸ್ಸಿಗೆ ಓಡಿದಳು. ಅದನ್ನೇ ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಸಾದಾ ಹಾಳೆಗೆ ಹಾಕಿಸಿ ತೂಗುಹಾಕಿದಳಂತೆ.

ಸಂಜೆ ನಗುತ್ತಾ ಬಂದಳು. ಜನ ಅದರ ಮುಂದೆಯೇ ಮುತ್ತಿಕೊಂಡಿದ್ದರಂತೆ. ಅವಳ ಮೇಡಂ ತಟ್ಟೆಯ ಅಂಚಿನಲ್ಲಿದ್ದ ನನ್ನ ಕೈ ತೋರಿಸಿ, "ಇದೂ ಆ ಕಾಲದ ಪ್ರಾಣೀದಾ? ಚರ್ಮ ಎಷ್ಟು ಚೆನ್ನಾಗಿ ಬರೆದಿದ್ದೀಯಮ್ಮ" ಎಂದರಂತೆ.

"ನೀನೇನಂದೆ?"

"ಹೂಂ ಅಂದೆ."

ಒಂದೇಟು ಹಾಕೋಣವೆಂದು ಕೈ ಎತ್ತಿದವಳು, ಅದರ ಸುಕ್ಕನ್ನೊಮ್ಮೆ ನೋಡಿ ಇಳಿಸಿದೆ.