ಇಲ್ಲದ ಮೋಲು, ನಮ್ಮ ಭಾವ

ಸಿಂಗಪುರದಲ್ಲಿ ಮೋಲ್ ಎಂಬ ಪ್ರಾಣಿ ಇಲ್ಲ. ಇದು ನನ್ನ ಮಾತಲ್ಲ. ಅಂತರ್ಜಾಲ ಹೇಳುತ್ತದೆ, ಅಕ್ಕನ ಮಗಳು ಹೇಳುತ್ತಾಳೆ, ಪಕ್ಕದ ಮನೆಯ ಚೀನೀ ಆಂಟಿ ಹೇಳುತ್ತಾರೆ. ಇದೆ ಎಂದವರು ಇಡೀ ದ್ವೀಪದಲ್ಲಿ ಒಬ್ಬರೇ, ನಮ್ಮ ಭಾವ! ಹೇಳಿ ಸುಮ್ಮನಿದ್ದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಅವರು ಆ ಇಲ್ಲದ ಪ್ರಾಣಿಯನ್ನು ಎರಡು ವಾರ ಬೆನ್ನಟ್ಟಿ, ಕೊನೆಗೆ ಓಡಿಸಿಯೂ ಬಿಟ್ಟರು. ಇರುವ ಶತ್ರುವನ್ನು ಯಾರು ಬೇಕಾದರೂ ಓಡಿಸಬಹುದು ಸ್ವಾಮಿ, ಇಲ್ಲದವನನ್ನು ಓಡಿಸುವುದಕ್ಕೆ ಎಂಟೆದೆ ಬೇಕು.

ಮೋಲ್ ಎಂದರೆ ಅಮೆರಿಕ, ಇಂಗ್ಲೆಂಡಿನ ಕಡೆ ಮನೆ ಮುಂದಿನ ಲಾನಿನ ಅಡಿಯಲ್ಲಿ ಸುರಂಗ ಕೊರೆದು, ಅಲ್ಲಲ್ಲಿ ಮಣ್ಣುಗುಡ್ಡೆ ಎಬ್ಬಿಸಿ, ಮಾಲೀಕರ ನಿದ್ದೆ ಕೆಡಿಸುವ ಒಂದು ಜೀವಿ. ನಮ್ಮ ಹೆಗ್ಗಣದ ದೂರದ ನೆಂಟ ಅಂದುಕೊಳ್ಳಿ, ಸಾಕು.

ಭಾವ ಎಂದರೆ ನನ್ನ ಅಕ್ಕನ ಗಂಡ. ಜುರಾಂಗ್ ಐಲ್ಯಾಂಡಿನ ಒಂದು ರಿಫೈನರಿಯಲ್ಲಿ ಸೇಫ್ಟಿ ಎಂಜಿನಿಯರು. ಬೆಳಕು ಹರಿಯುವ ಮುಂಚೆ ಕಂಪನಿ ಬಸ್ಸು ಹತ್ತಿ ಹೋದರೆ, ಏನೇನು ಸೋರಬಹುದು, ಏನೇನು ಸಿಡಿಯಬಹುದು, ಯಾರ್ಯಾರು ಎಲ್ಲೆಲ್ಲಿ ಜಾರಿ ಬೀಳಬಹುದು ಎಂದು ಸಂಜೆಯವರೆಗೆ ಯೋಚಿಸುವುದೇ ಅವರ ಉದ್ಯೋಗ. ಬೇರೆಯವರಾದರೆ ಈ ಯೋಚನೆಗಳನ್ನೆಲ್ಲ ಬಸ್ಸಿನಲ್ಲೇ ಬಿಟ್ಟು ಇಳಿಯುತ್ತಾರೆ. ಭಾವ ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬರುತ್ತಾರೆ! ಅವರ ಮನೆಯಲ್ಲಿ ಒಗ್ಗರಣೆ ಹಾಕುವಾಗ ಸೇಫ್ಟಿ ಗ್ಲಾಸು ಕಡ್ಡಾಯ. ಒಂದು ದೀಪಾವಳಿಗೆ ಊಟಕ್ಕೆ ಹೋದ ನಮ್ಮನ್ನು ಎಲೆಯ ಮುಂದೆ ಕೂರಿಸುವ ಮೊದಲು, "ಫೈರ್ ಆದ್ರೆ ಎಲ್ಲರೂ ಗೇಟ್ ಹತ್ರ ಅಸೆಂಬಲ್ ಆಗ್ಬೇಕು" ಎಂದು ದಾರಿ ತೋರಿಸಿದರು. "ಪಾಯಸದ ಪಾತ್ರೆ ಎತ್ಕೊಂಡು ಓಡೋದಾ, ಬಿಟ್ಟು ಓಡೋದಾ ಭಾವ?" ಎಂದು ನಾನು ಕೇಳಿದೆ. ಅವರು ನಗಲಿಲ್ಲ. "ಗ್ಯಾಸ್ ಆಫ್ ಮಾಡಿ, ಬಿಟ್ಟು" ಎಂದರು.

ಇಂಥವರ ಬಾಳಿನಲ್ಲಿ ಲೆಕ್ಕಕ್ಕೆ ಸಿಗದ ಅಪಾಯವೊಂದು ನುಗ್ಗಿತು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದ ಅಕ್ಕ, "ರೀ, ಎಡಗಣ್ಣಿಗೆ ಯಾರೋ ಕರ್ಟನ್ ಎಳೀತಿದಾರೆ" ಎಂದಳು. ಕಣ್ಣಿನ ಹಿಂಬದಿಯ ಪರದೆ, ಅಂದರೆ ರೆಟಿನಾ, ಕಿತ್ತುಕೊಂಡಿತ್ತು. ಅದೇ ದಿನ ಆಪರೇಷನ್ ಆಯಿತು. ಕಣ್ಣಿನೊಳಗೆ ಒಂದು ಗ್ಯಾಸಿನ ಗುಳ್ಳೆ ಬಿಟ್ಟಿದ್ದೇವೆ, ಆ ಗುಳ್ಳೆ ಮೇಲೇರಿ ರೆಟಿನಾವನ್ನು ಅದರ ಜಾಗಕ್ಕೆ ಒತ್ತಿ ಹಿಡಿಯಬೇಕು, ಅದಕ್ಕೆ ಎರಡು ವಾರ ಮುಖ ನೆಲಕ್ಕೆ ಹಾಕಿಕೊಂಡೇ ಇರಬೇಕು ಎಂದರು ಡಾಕ್ಟರು. ಬೀಳಬಾರದು, ತಲೆಗೆ ಪೆಟ್ಟಾಗಬಾರದು. ಸರಿಯಾಗಿ ಅಂಟಿಕೊಂಡಿತೋ ಇಲ್ಲವೋ ಎಂಬುದನ್ನು ಆಮೇಲೆ ನೋಡಿ ಹೇಳುತ್ತೇವೆ ಎಂದರು.

ಅಕ್ಕ ಗಟ್ಟಿಗಿತ್ತಿ. ಮುಂದಕ್ಕೆ ಬಾಗಿ ಮುಖವಿಡುವ ಒಂದು ವಿಚಿತ್ರ ಕುರ್ಚಿಯಲ್ಲಿ ಕುಳಿತು, ನೆಲ ನೋಡುತ್ತಲೇ ಸಂಸಾರ ನಡೆಸಿದಳು. ಬಂದವರನ್ನು ಪಾದದಲ್ಲೇ ಗುರುತು ಹಿಡಿಯುತ್ತಿದ್ದಳು. "ಏನೇ, ಹೊಸ ಚಪ್ಪಲೀನಾ? ಉಗುರು ಕಟ್ ಮಾಡ್ಕೊಳೋಕೆ ಟೈಮಿಲ್ವಾ?" ಎಂದು ನನ್ನನ್ನು ಸ್ವಾಗತಿಸಿದಳು. ಭಾವ ರಜೆ ಹಾಕಿ ಮನೆಯಲ್ಲಿ ನಿಂತರು. ಆ ಗುಳ್ಳೆ ಕರಗುತ್ತ ಬಂದ ಹಾಗೆ ಕಣ್ಣೊಳಗೆ ನೀರಿನ ಮಟ್ಟದಂಥ ಒಂದು ಗೆರೆ ಅಲ್ಲಾಡುತ್ತದಂತೆ. ಅಕ್ಕ ಬಾಯಿತಪ್ಪಿ ಅದನ್ನು ಹೇಳಿದ್ದೇ ತಪ್ಪಾಯಿತು. ರಿಫೈನರಿಯ ಟ್ಯಾಂಕಿನ ಮುಂದೆ ನಿಂತವರ ಹಾಗೆ ಗಂಟೆಗೊಮ್ಮೆ ಬಂದು "ಲೆವೆಲ್ ಎಷ್ಟಿದೆ?" ಎನ್ನುವುದು, ಬರೆದುಕೊಳ್ಳುವುದು! ಐದನೆಯ ಸಲ ಅಕ್ಕ ನೆಲದ ಟೈಲ್ಸಿಗೇ ಹೇಳಿದಳು, "ಟ್ಯಾಂಕ್ ಓವರ್‌ಫ್ಲೋ ಆಗೋ ಮುಂಚೆ ಯಾರಾದ್ರೂ ಇವರನ್ನ ಆಚೆ ಕಳಿಸ್ರಪ್ಪ."

ಆಚೆ ಹೋದರು. ಹೋದವರು ಲಾನ್ ನೋಡಿದರು.

ಹೌಗಾಂಗಿನ ಒಳರಸ್ತೆಯಲ್ಲಿ ಅವರದೊಂದು ಸಾಲುಮನೆ. ಅದರ ಮುಂದೆ, ಎರಡು ಜಮಖಾನ ಹಾಸಿದರೆ ಮುಗಿದುಹೋಗುವಷ್ಟು ಹುಲ್ಲು. ಆ ಹುಲ್ಲಿನ ಮೇಲೆ ಬೆರಳು ದಪ್ಪದ ಉಬ್ಬುಗಳು ಹಾವಿನ ಹಾಗೆ ಹರಿದಿದ್ದವು. ಕಾಲಿಟ್ಟರೆ ಮಣ್ಣು ಕುಸಿಯುತ್ತಿತ್ತು. ಭಾವ ಮಂಡಿಯೂರಿ ಟೇಪಿನಲ್ಲಿ ಅಳೆದರು, ಫೋಟೊ ತೆಗೆದರು, ಯಾರೋ ಅಮೆರಿಕದವನ ವೀಡಿಯೊ ನೋಡಿದರು. ಒಳಗೆ ಬಂದು, "ಮೋಲ್. ಕನ್‌ಫರ್ಮ್ ಆಯ್ತು" ಎಂದರು.

"ಅಪ್ಪಾ, ಸಿಂಗಪುರದಲ್ಲಿ ಮೋಲ್ ಇಲ್ಲ ಲಾ!" ಎಂದಳು ಮಗಳು. ಇಲ್ಲೇ ಹುಟ್ಟಿ ಇಲ್ಲೇ ಕಾಲೇಜಿಗೆ ಹೋಗುವವಳು, ದ್ವೀಪದ ಪ್ರಾಣಿಸಂಕುಲದ ಬಗ್ಗೆ ಅವಳಿಗೆ ತಿಳಿಯದೆ ಇರುತ್ತದೆಯೇ?

"ಹೆಗ್ಗಣ ಇರ್ಬೇಕು ಬಿಡಿ" ಎಂದಳು ಅಕ್ಕ, ತಲೆ ಎತ್ತದೆ.

"ಹೆಗ್ಗಣ ಬೇರೆ, ಮೋಲ್ ಬೇರೆ ಕಣೇ. ಹೆಗ್ಗಣಕ್ಕೆ ಚೆನ್ನಾಗಿ ಕಣ್ಣಿರುತ್ತೆ. ಮೋಲ್‌ಗೆ ಕಣ್ಣು ಕಾಣೋದೇ..." ಎಂದವರು ಅಲ್ಲಿಗೇ ನಿಂತುಬಿಟ್ಟರು. ಅಕ್ಕನೇ, "ಪಾಪ, ಅದನ್ನೂ ಯಾರಾದ್ರೂ ಡಾಕ್ಟ್ರಿಗೆ ತೋರಿಸ್ಬೇಕಿತ್ತು" ಎಂದು ನಗಿಸಿದಳು.

ಮರುದಿನದಿಂದ ಯುದ್ಧ ಶುರುವಾಯಿತು. ಲಾನಿನ ಸುತ್ತ ಕೆಂಪು ಬಿಳಿ ಪಟ್ಟಿ ಎಳೆದು, ಹೆಲ್ಮೆಟ್ ಇಲ್ಲದೆ ಒಳಬರಬಾರದೆಂದು ಬೋರ್ಡು ನೇತುಹಾಕಿದರು. ಹೆಲ್ಮೆಟ್ ಮೋಲಿಗೋ ನಮಗೋ? ಗಾಳಿಗೆ ತಿರುಗುವ ಬಣ್ಣದ ಗಿರಗಿಟ್ಟಲೆಗಳನ್ನು ನೆಟ್ಟರೆ ನೆಲ ನಡುಗಿ ಮೋಲ್ ಓಡಿಹೋಗುತ್ತದೆಂದು ವೀಡಿಯೊದವನು ಹೇಳಿದ್ದನಂತೆ. ಡಜನ್ನುಗಟ್ಟಲೆ ತಂದು ನೆಟ್ಟರು. ಪಕ್ಕದ ಮನೆಯ ಆಂಟಿ ಬೇಲಿಯ ಮೇಲಿಂದ ಇಣುಕಿ, "ಅಂಕಲ್, ಬರ್ತ್‌ಡೇ ಆ?" ಎಂದರು.

"ನೋ ನೋ. ಮೋಲ್."

"ಅಯ್ಯೋ, ಸಿಂಗಪುರ್ ವೇರ್ ಗಾಟ್ ಮೋಲ್?"

ಗಾಳಿಯೂ ಆಂಟಿಯ ಪಕ್ಷ ವಹಿಸಿತು. ಆ ವಾರವಿಡೀ ಒಂದು ಎಲೆಯೂ ಅಲ್ಲಾಡಲಿಲ್ಲ. ಭಾವ ತಾವೇ ಕುಕ್ಕರಗಾಲಲ್ಲಿ ಕೂತು ಒಂದೊಂದಾಗಿ ಬಾಯಲ್ಲಿ ಊದಿದರು.

ಆಮೇಲೆ ಇಂಗಿನ ಪ್ರಯೋಗ. ಘಾಟು ವಾಸನೆ ಮೋಲಿಗೆ ಆಗುವುದಿಲ್ಲವಂತೆ. ನಮ್ಮ ಅಡುಗೆಮನೆಯಲ್ಲಿ ಇಂಗಿಗಿಂತ ಘಾಟು ಇನ್ಯಾವುದಿದೆ? ಡಬ್ಬಿಗಟ್ಟಲೆ ಇಂಗನ್ನು ಬಿಸಿನೀರಲ್ಲಿ ಕದಡಿ ಉಬ್ಬುಗಳ ಮೇಲೆಲ್ಲ ಸುರಿದರು. ಇಡೀ ಬೀದಿ ಘಮಘಮ! "ಯಾರ ಮನೇಲೇ ತಿಳಿಸಾರು?" ಎಂದು ಅಕ್ಕ ಆಸೆಯಿಂದ ಕೇಳಿದಳು. "ನಮ್ಮ ಲಾನಲ್ಲಿ" ಎಂದೆ. ಮರುದಿನ ಬೆಳಿಗ್ಗೆ ನೋಡಿದರೆ ಎರಡು ಹೊಸ ಉಬ್ಬು. ಒಳಗಿದ್ದವರಿಗೆ ಸಾರು ರುಚಿಸಿರಬೇಕು. ಇಂಗು ತಿಂದ ಮಂಗನ ಹಾಗಾದದ್ದು ಭಾವ ಮಾತ್ರ.

ಕೊನೆಗೆ ಗುದ್ದಲಿ ಹಿಡಿದರು. ಸುರಂಗ ಎಲ್ಲಿಗೆ ಹೋಗುತ್ತದೋ ನೋಡಿಯೇ ಬಿಡುತ್ತೇನೆಂದು ಅಗೆದರು, ಅಗೆದರು, ಎರಡು ದಿನದಲ್ಲಿ ಲಾನಿನ ಉದ್ದಕ್ಕೂ ಹನ್ನೊಂದು ಗುಂಡಿ. ಗುಡ್ಡ ಅಗೆದವರಿಗೆ ಇಲಿಯಾದರೂ ಸಿಕ್ಕಿತ್ತು, ಇವರಿಗೆ ಸಿಕ್ಕಿದ್ದು ಒಂದು ಹಳೆಯ ಚಮಚ. "ಈ ಮನೇಲಿರೋ ಮೋಲ್ ಅಪ್ಪಾನೇ" ಎಂದು ಮಗಳು ಷರಾ ಬರೆದಳು. ಮಧ್ಯಾಹ್ನ ಮಳೆ ಬಂದು ಗುಂಡಿಗಳಲ್ಲಿ ನೀರು ನಿಂತಿತು. ಬೇಲಿಯ ಮೇಲೆ ಆಂಟಿಯ ಮುಖ ಮೂಡಿತು. "ಅಂಕಲ್! ಮಸ್ಕಿಟೋ! ಇನ್‌ಸ್ಪೆಕ್ಟರ್ ಕಮ್, ಯೂ ಡೈ!" ನಿಂತ ನೀರಲ್ಲಿ ಸೊಳ್ಳೆಮರಿ ಕಂಡರೆ ಇಲ್ಲಿ ಸರ್ಕಾರದವರು ಬಂದು ದಂಡ ಹಾಕುತ್ತಾರೆ.

ಆ ಸಂಜೆ ನಾನು ಆಫೀಸು ಮುಗಿಸಿ, ಅಕ್ಕನಿಗೆಂದು ಹುಳಿ ಮಾಡಿಕೊಂಡು ಬಂದೆ. ಗೇಟು ದಾಟಿ ಎರಡು ಹೆಜ್ಜೆ ಇಟ್ಟೆ, ಅಷ್ಟೆ. ಕಾಲು ಗುಂಡಿಯೊಳಗೆ, ಹುಳಿ ಮೋಲಿಗೆ, ಮಂಡಿ ಸಿಮೆಂಟಿಗೆ.

ಎದ್ದು ಕೂತವಳಿಗೆ ನೋವಿಗಿಂತ ಸಿಟ್ಟು ಬಂತು. "ಏನ್ ಭಾವ ಇದು? ಅಕ್ಕನ ಕಣ್ಣು ಬರುತ್ತೋ ಇಲ್ವೋ ಅಂತ ನಾವೆಲ್ಲ ಜೀವ ಕೈಲಿ ಹಿಡ್ಕೊಂಡಿದೀವಿ. ನಿಮಗೆ ಹುಲ್ಲು ಹೆಚ್ಚಾಯ್ತಾ? ನಾನು ಬಿದ್ದ ಹಾಗೆ ನಾಳೆ ಅವಳು ಬಿದ್ರೆ?"

ಭಾವನ ಮುಖದ ಬಣ್ಣ ಇಳಿಯಿತು. ನನ್ನ ಮಂಡಿಗೆ ಔಷಧಿ ಹಚ್ಚಿ, ಪಟ್ಟಿ ಅಂಟಿಸಿ, ಹೊರಗೆ ಹೋಗಿ ಗುದ್ದಲಿ ತೆಗೆದುಕೊಂಡರು. ಕತ್ತಲಾಗುವುದರೊಳಗೆ ಹನ್ನೊಂದು ಗುಂಡಿಗಳನ್ನೂ ಮುಚ್ಚಿ, ಒಂದೊಂದನ್ನೂ ಅಂಗೈಯಲ್ಲಿ ತಟ್ಟಿ ಸಮ ಮಾಡಿದರು. ನಾನು ಅವರಿಗೆ ಹೇಳದೆ ಬಂದುಬಿಟ್ಟೆ.

ಇಷ್ಟಾದ ಮೇಲೆ ಬೇರೆ ಯಾರಾದರೂ ಕೈಬಿಡುತ್ತಿದ್ದರು. ಭಾವ ಲಿಟಲ್ ಇಂಡಿಯಾಕ್ಕೆ ಹೋಗಿ ಅಂಗಡಿಯಲ್ಲಿದ್ದ ಹರಳೆಣ್ಣೆ ಬಾಟಲಿಗಳನ್ನೆಲ್ಲ ತಂದರು. ಅಂಗಡಿಯವನು ಕನಿಕರದಿಂದ "ಮನೆಯವರಿಗೆಲ್ಲಾನಾ ಸಾರ್?" ಎಂದು ವಿಚಾರಿಸಿದನಂತೆ. ಹರಳೆಣ್ಣೆಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ, ನೀರು ಸೇರಿಸಿ, ಲಾನಿಗೆ ಸುರಿಯಬೇಕೆಂದು ವೀಡಿಯೊದವನ ಅಪ್ಪಣೆ. ಶನಿವಾರ ಬೆಳಿಗ್ಗೆ ನಾನು ಮುನಿಸು ನುಂಗಿಕೊಂಡು ಹೋದಾಗ ಭಾವ ಕ್ಯಾನ್ ಹಿಡಿದು, ಲಾನಿಗೆ ಎಣ್ಣೆ ಸ್ನಾನ ಮಾಡಿಸುತ್ತಿದ್ದರು. ಅಕ್ಕನ ಕುರ್ಚಿಯನ್ನು ಗಾಳಿಗೆಂದು ಜಗಲಿಯ ಅಂಚಿಗೆ ತಂದಿಟ್ಟಿದ್ದರು. ಅಕ್ಕ ಎಂದಿನಂತೆ ನೆಲ ನೋಡುತ್ತಿದ್ದಳು. ಅವಳ ಮೂಗಿನಿಂದ ಒಂದು ಮಾರು ದೂರಕ್ಕೇ ಹುಲ್ಲು.

"ರೀ" ಎಂದಳು ಅಕ್ಕ. "ಏನೋ ಮೇಲೆ ಬಂತು."

"ಏನು?"

"ಜೀರುಂಡೆ ಥರ ಇದೆ. ಕೈ ಮಾತ್ರ ಗುದ್ದಲಿ ಥರ. ಇನ್ನೊಂದು ಬಂತು. ರೀ, ಮೂರು! ನಿಮ್ಮ ಕಾಲ ಹತ್ರ ನೋಡ್ರೀ!"

ನೋಡುನೋಡುತ್ತಿದ್ದ ಹಾಗೆ ಸೋಪಿನ ನೀರಿನ ಉರಿ ತಾಳಲಾರದೆ ಹುಲ್ಲಿನೊಳಗಿಂದ ಕಂದು ಬಣ್ಣದ ಹುಳುಗಳು, ಒಂದೊಂದೂ ಕಿರುಬೆರಳುದ್ದ, ಮದುವೆಮನೆಯಲ್ಲಿ ಕರೆಂಟು ಹೋದಾಗಿನ ನೆಂಟರ ಹಾಗೆ ಎದ್ದುಬಂದವು. ಇಷ್ಟು ದಿನ ಹುಡುಕಿದರೂ ಇವರಿಗೆ ಕಾಣದಿದ್ದದ್ದು, ತಲೆ ತಗ್ಗಿಸಿ ಕೂತ ಅಕ್ಕನ ಒಂದೇ ಕಣ್ಣಿಗೆ ಕಂಡಿತ್ತು! ಮಗಳು ಫೋನಿನಲ್ಲಿ ಹುಡುಕಿ ಕಿರುಚಿದಳು: "ಅಪ್ಪಾ! ಇದರ ಹೆಸರು ಮೋಲ್ ಕ್ರಿಕೆಟ್! ಮಣ್ಣು ಕೊರೆಯೋ ಜೀರುಂಡೆ!"

ಭಾವ ಕ್ಯಾನ್ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ನಮ್ಮೆಲ್ಲರನ್ನೂ ಒಂದು ಸುತ್ತು ನೋಡಿದರು. "ಮೋಲ್ ಅಂತ ನಾನು ಹೇಳಿರ್ಲಿಲ್ವಾ? ಸರ್‌ನೇಮ್ ಒಂದು ಗೊತ್ತಿರ್ಲಿಲ್ಲ, ಅಷ್ಟೆ."

ಮುಂದಿನ ಕೆಲಸವನ್ನು ಮೈನಾ ಹಕ್ಕಿಗಳು ವಹಿಸಿಕೊಂಡವು. ಹೌಗಾಂಗಿನ ಮೈನಾಗಳಿಗೆಲ್ಲ ಆ ದಿನ ನಮ್ಮ ಲಾನಿನಲ್ಲಿ ಸಂತರ್ಪಣೆ. ಬೇಲಿಯ ಮೇಲಿನ ಆಂಟಿ ಮಾತ್ರ ಸೋಲಲಿಲ್ಲ. "ಸೀ? ನೋ ಮೋಲ್ ವಾಟ್" ಎಂದು ಒಳಗೆ ಹೋದರು. ಭಾವ ಇನ್ನೂ ಎರಡು ಸಲ ಸೋಪಿನ ನೀರು ಹೊಯ್ದರು. ಉಬ್ಬುಗಳು ಮತ್ತೆ ಏಳಲಿಲ್ಲ. ಅಂತೂ ಪೀಡೆ ತೊಲಗಿತು ಎಂದು ಹುಲ್ಲೂ ನಾವೂ ಒಟ್ಟಿಗೆ ಉಸಿರುಬಿಟ್ಟೆವು.

ಬುಧವಾರ ಡಾಕ್ಟರು ದೀಪ ಹಾಕಿ ಅಕ್ಕನ ಕಣ್ಣೊಳಗೆ ಬಹಳ ಹೊತ್ತು ನೋಡಿದರು. ನಾನೂ ಭಾವನೂ ಗೋಡೆಗೆ ಒರಗಿ ನಿಂತಿದ್ದೆವು. ಕೊನೆಗೆ ಡಾಕ್ಟರು ಹಿಂದೆ ಸರಿದು, ಚೆನ್ನಾಗಿ ಅಂಟಿಕೊಂಡಿದೆ, ಗುಳ್ಳೆ ಪೂರ್ತಿ ಕರಗಿದ ಮೇಲೆ ದೃಷ್ಟಿ ನಿಧಾನಕ್ಕೆ ತಿಳಿಯಾಗುತ್ತದೆ, ಇನ್ನು ತಲೆ ಎತ್ತಬಹುದು ಎಂದರು. ಅಕ್ಕ ತಲೆ ಎತ್ತಿದಳು. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಇಡ್ಲಿ ಕೊಟ್ಟುಹೋಗೋಣವೆಂದು ಗೇಟು ತೆರೆದೆ. ಲಾನಿನಲ್ಲಿ ಭಾವ ಒಬ್ಬರೇ ಇದ್ದರು. ಬರಿಗಾಲು. ಎಡಗಣ್ಣಿಗೆ ಅಡ್ಡಲಾಗಿ ಕರ್ಚೀಫು ಕಟ್ಟಿಕೊಂಡು, ಕೈಗಳನ್ನು ಅಗಲಿಸಿ, ಅಂಗಾಲಿನಿಂದ ನೆಲ ಒತ್ತಿ ಒತ್ತಿ, ಗೇಣುಗೇಣಾಗಿ ನಡೆಯುತ್ತಿದ್ದರು. ನನಗೆ ನಗು ಬಂತು.

"ಇದೇನು ಭಾವ ಹೊಸ ವೇಷ?"

ಅವರು ನಿಲ್ಲಲಿಲ್ಲ. "ಒಂದು ಕಣ್ಣಲ್ಲಿ ಹಳ್ಳ ದಿಣ್ಣೆ ಗೊತ್ತಾಗಲ್ಲ ಕಣಮ್ಮ. ಟ್ರೈ ಮಾಡಿ ನೋಡು, ಎಲ್ಲಾ ಒಂದೇ ಸಮ ಕಾಣುತ್ತೆ." ಇನ್ನೊಂದು ಹೆಜ್ಜೆ ಇಟ್ಟರು. "ಹುಲ್ಲಿನ ಮೇಲೆ ಕಾಲಿಡ್ಬೇಕು ಅಂತ್ಲೇ ಅವಳು ಫ್ಲ್ಯಾಟ್ ಬಿಟ್ಟು ಈ ಮನೆಗೆ ಬಂದಿದ್ದು. ದಿನಾ ಬೆಳಿಗ್ಗೆ ಇಲ್ಲೇ ನಡೀತಾಳೆ. ನಾನು ಅಷ್ಟು ಹೊತ್ತಿಗೆ ಬಸ್ಸಲ್ಲಿರ್ತೀನಿ. ಸೋಮವಾರದಿಂದ ಡ್ಯೂಟಿ. ಬಿದ್ರೆ ಹಿಡ್ಕೊಳೋಕೆ ನಾನಿರಲ್ವಲ್ಲ."

ನಾನು ಇಡ್ಲಿ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದೆ.

ಅಷ್ಟರಲ್ಲಿ ಅಕ್ಕ ಹೊರಗೆ ಬಂದಳು. ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟು ಹಿಡಿದು, ಹುಲ್ಲಿಗೆ ಕಾಲಿಟ್ಟಳು. ಭಾವ ಗಡಬಡಿಸಿ ಕರ್ಚೀಫು ಬಿಚ್ಚಿ ಜೇಬಿಗೆ ತುರುಕಿದರು. ಅಕ್ಕ ಅವರ ಹತ್ತಿರ ಬಂದು, ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಎಡಗಣ್ಣಿನಿಂದ ಅವರನ್ನೇ ದಿಟ್ಟಿಸಿದಳು.

"ಕಾಣುತ್ತೇನೇ?" ಎಂದರು ಭಾವ. ಸ್ವರ ಸಣ್ಣದಾಗಿತ್ತು.

"ಕಾಣುತ್ತೆ. ಮಬ್ಬು ಮಬ್ಬಾಗಿ." ಅಕ್ಕ ಅವರ ಬೋಳುತಲೆಯ ಮೇಲೆ ಕೈಯಿಟ್ಟು ಸವರಿದಳು. "ತಲೆ ತುಂಬ ಕೂದಲಿರೋ ಹಾಗೆ ಕಾಣ್ತಿದೀರಿ ರೀ."

ಭಾವ ನಕ್ಕರು. ನಗು ನಿಲ್ಲಲಿಲ್ಲ. ನಗುನಗುತ್ತಲೇ ಅವಳ ಭುಜಕ್ಕೆ ಮುಖ ಒತ್ತಿದರು. ಅವರ ಬೆನ್ನು ಅಲ್ಲಾಡುತ್ತಿತ್ತು. ಅಕ್ಕ ಒಂದು ಕಣ್ಣು ಮುಚ್ಚಿಕೊಂಡೇ ಅವರ ಬೆನ್ನು ತಟ್ಟುತ್ತ ನಿಂತಳು. ನಾನು ಸದ್ದಿಲ್ಲದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟೆ.