ಗೋಡೆ ಹತ್ತಿದ ಚೆಕ್ಕುಗಳ ತಾಳೆಪಟ್ಟಿ

ಪರಸ್ಪರ ಗೌರವ ಪತ್ತಿನ ಸಹಕಾರ ಸಂಘದ ನಗದು ಪುಸ್ತಕಕ್ಕೂ ಅದರ ಬ್ಯಾಂಕ್ ಪಾಸ್‌ಬುಕ್ಕಿಗೂ ಹಲವು ವರ್ಷಗಳಿಂದ ಮಾತುಕತೆ ಇಲ್ಲ ಎಂಬುದು ಮೈಸೂರಿನ ಅಗ್ರಹಾರದಲ್ಲಿ ಎಲ್ಲರೂ ಬಲ್ಲ ಸಂಗತಿ. ಬ್ಯಾಂಕಿನಲ್ಲಿ ಇಷ್ಟೇ ಹಣವಿದೆ ಎಂದು ಸಂಘದ ಪುಸ್ತಕ ಹೇಳಿದರೆ, ಅದಕ್ಕಿಂತ ಎರಡು ಲಕ್ಷ ಹೆಚ್ಚಿದೆ ಎಂದು ಪಾಸ್‌ಬುಕ್ಕು ಹೇಳುತ್ತಿತ್ತು. ಕಡಿಮೆ ಬಿದ್ದಿದ್ದರೆ ಯಾರಾದರೂ ವಿಚಾರಿಸುತ್ತಿದ್ದರು. ಹೆಚ್ಚಿಗೆ ಇದ್ದುದರಿಂದ ಆಡಳಿತ ಮಂಡಳಿಯು ಅದನ್ನು ದೇವರ ದಯೆ ಎಂದು ಸ್ವೀಕರಿಸಿ, ಆ ದಯೆಯ ಒಂದು ಭಾಗದಲ್ಲಿ ಊಟಿಗೆ ಅಧ್ಯಯನ ಪ್ರವಾಸ ಹೋಗಿಬಂದಿತ್ತು.

ಈ ಸಂಘಕ್ಕೆ ನಯನಾ ಇಂಟರ್ನ್‌ಷಿಪ್ಪಿಗೆಂದು ಬಂದಳು. ಸರಸ್ವತಿಪುರದ ಕಾಲೇಜೊಂದರಲ್ಲಿ ಬಿ.ಕಾಂ. ಕೊನೆಯ ವರ್ಷ. ಮೂರು ತಿಂಗಳು ದುಡಿದರೆ ಹನ್ನೆರಡು ಸಾವಿರ ಗೌರವಧನ ಎಂದು ಸಂಘ ಒಪ್ಪಿತ್ತು. ಕಾಲೇಜಿಗೆ ಕಟ್ಟಬೇಕಾದ ಫೀಸು ಹತ್ತು ಸಾವಿರ ಬಾಕಿಯಿತ್ತು. ಕಟ್ಟದಿದ್ದರೆ ಹಾಲ್ ಟಿಕೆಟ್ ಇಲ್ಲ. ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಶಿಫ್ಟು ಮಾಡುವ ಅವಳ ತಾಯಿ ಸಾಕಮ್ಮ, ಇದೊಂದು ಸಲ ನೀನೇ ನೋಡಿಕೊಳ್ಳವ್ವ, ನನ್ನ ಕೈಯಲ್ಲಾಗದು ಎಂದು ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಆ ಹನ್ನೆರಡು ಸಾವಿರದ ಮೇಲೆ ನಯನಾಳ ಇಡೀ ಡಿಗ್ರಿ ನಿಂತಿತ್ತು.

ಸಂಘದ ಕಾರ್ಯದರ್ಶಿ ಗುರುಸಿದ್ದಯ್ಯನವರು ನಿವೃತ್ತಿಯ ಅಂಚಿನಲ್ಲಿದ್ದ ಸಾತ್ವಿಕರು. ಯಾವ ಪ್ರಶ್ನೆ ಕೇಳಿದರೂ ಮೊದಲು ಕನ್ನಡಕ ಒರೆಸುತ್ತಿದ್ದರು. ಒರೆಸಿ ಮುಗಿಯುವಷ್ಟರಲ್ಲಿ ಕೇಳಿದವರು ಸಾಮಾನ್ಯವಾಗಿ ಹೊರಟುಹೋಗಿರುತ್ತಿದ್ದರು. ಅವರು ನಯನಾಳಿಗೆ ಬ್ಯಾಂಕ್ ತಾಳೆಪಟ್ಟಿ ಬರೆಯುವ ಕೆಲಸ ವಹಿಸಿ, ಬರೆದರೆ ಸಾಕು, ತಾಳೆ ಆಗಲೇಬೇಕು ಅಂತೇನೂ ಇಲ್ಲ ಎಂದು ಧೈರ್ಯ ತುಂಬಿದರು.

ನಯನಾಳಿಗೆ ಇದು ಕ್ಲಾಸಿನಲ್ಲಿ ಮಾಡಿ ಮಾಡಿ ಬೇಸತ್ತ ಲೆಕ್ಕ. ಸಂಘ ಚೆಕ್ಕು ಬರೆದ ದಿನವೇ ತನ್ನ ಪುಸ್ತಕದಲ್ಲಿ ಹಣ ಕಳೆಯುತ್ತದೆ. ಪಡೆದವರು ಅದನ್ನು ಬ್ಯಾಂಕಿಗೆ ಕೊಡುವವರೆಗೆ ಬ್ಯಾಂಕು ಕಳೆಯುವುದಿಲ್ಲ. ಅಂಥ ಚೆಕ್ಕುಗಳನ್ನು ಪಟ್ಟಿ ಮಾಡಿ ಕೂಡಿದರೆ ಎರಡೂ ಪುಸ್ತಕಗಳು ರಾಜಿಯಾಗುತ್ತವೆ. ಸಂಜೆಯ ಹೊತ್ತಿಗೆ ಪಟ್ಟಿ ಸಿದ್ಧವಾಯಿತು. ಬ್ಯಾಂಕಿನ ಮುಖ ಕಾಣದ ಚೆಕ್ಕುಗಳೆಲ್ಲ ಒಂದೇ ಜಾತಿಯವು: ವಾರ್ಷಿಕ ಸಭೆಯಲ್ಲಿ ಹಿರಿಯ ಸದಸ್ಯರಿಗೆ ಪೇಟ, ಶಾಲು, ಹಣ್ಣಿನ ಬುಟ್ಟಿಯೊಂದಿಗೆ ಕೊಟ್ಟ ಸನ್ಮಾನದ ಚೆಕ್ಕುಗಳು.

ಪಟ್ಟಿಯ ಮೊದಲ ಹೆಸರು ಚೆಲುವಮ್ಮನದು. ಸಂಘದ ಮೆಟ್ಟಿಲ ಬಳಿಯೇ ಹೂ ಮಾರುವ ಹಳೆಯ ಸದಸ್ಯೆ. ನಯನಾ ಕೇಳಿದಾಗ ಆಕೆ ಸಂತೋಷದಿಂದ ಮನೆಗೆ ಕರೆದುಕೊಂಡು ಹೋಗಿ ತೋರಿಸಿದಳು. ದೇವರ ಪಟಗಳ ಸಾಲಿನಲ್ಲಿ, ಲ್ಯಾಮಿನೇಟ್ ಆದ ಐದು ಸಾವಿರದ ಚೆಕ್ಕು ಕುಂಕುಮ ಇಟ್ಟುಕೊಂಡು ನೇತಾಡುತ್ತಿತ್ತು.

“ಬ್ಯಾಂಕಿಗೆ ಕೊಟ್ರೆ ಅವ್ರು ಇಸ್ಕೊಂಡ್ಬುಡ್ತಾರೆ ಕಣವ್ವ,” ಎಂದಳು ಚೆಲುವಮ್ಮ. “ದುಡ್ಡು ಎರಡು ದಿನುಕ್ಕೆ ಕರಗೋಯ್ತದೆ. ನನ್ನ ಹೆಸ್ರು ಮುಂದೆ ಶ್ರೀಮತಿ ಅಂತ ಬರ್ದಿರೋದು ಇದೊಂದ್ರಲ್ಲೇ.”

ನಯನಾ ಕಾಫಿ ಕುಡಿದು ಬಂದಳು.

ಚೆಲುವಮ್ಮನ ಗೋಡೆ ನೋಡಿದ ಮುಂದಿನ ಸನ್ಮಾನಿತರು ತಾವೇನು ಕಡಿಮೆ ಎಂದು ತಮ್ಮ ಚೆಕ್ಕುಗಳನ್ನೂ ಲ್ಯಾಮಿನೇಟ್ ಮಾಡಿಸಿದ್ದರು. ಕೊಟ್ಟ ಹಣ ಕೈಬಿಟ್ಟು ಹೋಗದ ಈ ವಿಸ್ಮಯವನ್ನು ಮೊದಲು ಗಮನಿಸಿದವರು ಅಧ್ಯಕ್ಷ ಸಿದ್ದೇಶ್ ಅವರು. ಅವರು ಸನ್ಮಾನಿತರ ಸಂಖ್ಯೆಯನ್ನೂ ಮೊತ್ತವನ್ನೂ ಧಾರಾಳವಾಗಿ ಏರಿಸಿ, ಉಪವಿಧಿಯಲ್ಲಿ ಹೊಸದೊಂದು ನಿಯಮ ಸೇರಿಸಿದ್ದರು: “ಸಂಘವು ನೀಡುವ ಪ್ರತಿಯೊಂದು ಗೌರವ ಚೆಕ್ಕನ್ನೂ ವಿತರಣೆಗೆ ಮುನ್ನವೇ ಲ್ಯಾಮಿನೇಟ್ ಮಾಡತಕ್ಕದ್ದು. ಗೌರವಕ್ಕೆ ಧೂಳು, ತೇವ ಹಾಗೂ ಬ್ಯಾಂಕು ತಗುಲದಂತೆ ನೋಡಿಕೊಳ್ಳುವುದು ಕಾರ್ಯದರ್ಶಿಯ ಹೊಣೆಯಾಗಿರುತ್ತದೆ.” ಲ್ಯಾಮಿನೇಷನ್ ಗುತ್ತಿಗೆ ಅಧ್ಯಕ್ಷರ ಭಾಮೈದನ ಜೆರಾಕ್ಸ್ ಅಂಗಡಿಗೆ ಹೋಗಿತ್ತು. ಸಂಘ ಬರೆದ ಚೆಕ್ಕುಗಳಲ್ಲಿ ಬರೆದ ದಿನವೇ ಬ್ಯಾಂಕು ಸೇರುತ್ತಿದ್ದುದು ಆ ಅಂಗಡಿಯ ಬಿಲ್ಲಿನ ಚೆಕ್ಕು ಮಾತ್ರ ಎಂಬುದನ್ನೂ ನಯನಾ ಪಾಸ್‌ಬುಕ್ಕಿನಲ್ಲಿ ಕಂಡಳು.

ಮೂರು ತಿಂಗಳು ದಾಟಿದ ಚೆಕ್ಕು ಸತ್ತಂತೆ. ಅದನ್ನು ಪುಸ್ತಕದಲ್ಲಿ ಮತ್ತೆ ಜಮಾ ಹಿಡಿದು, ಅಷ್ಟು ಹಣವನ್ನು ಸನ್ಮಾನಿತರಿಗೆ ಕೊಡಬೇಕಾದ ಬಾಕಿ ಎಂದು ತೋರಿಸಬೇಕು. ನಯನಾ ಇದನ್ನೇ ಟಿಪ್ಪಣಿ ಬರೆದಳು. ಆಡಳಿತ ಮಂಡಳಿ ತುರ್ತು ಸಭೆ ಸೇರಿತು, ಗೋಡಂಬಿ ತರಿಸಲಾಯಿತು. ಸತ್ತ ಚೆಕ್ಕು ಎಂಬ ಪದ ಹಿರಿಯರಿಗೆ ಅಮಂಗಳವೆಂದು ಒಬ್ಬ ನಿರ್ದೇಶಕರು ಆಕ್ಷೇಪಿಸಿದರು. ಬಾಕಿ ಎಂದು ತೋರಿಸಿದರೆ ಊಟಿಗೆ ಹೋದ ಹಣ ಯಾರದೆಂದು ಇನ್ನೊಬ್ಬರು ಕೇಳಿದರು. ಅವರ ಮಾತನ್ನು ನಡಾವಳಿಯಿಂದ ತೆಗೆಯಲಾಯಿತು.

“ಕೊಟ್ಟ ಗೌರವವನ್ನ ಲೆಕ್ಕದಲ್ಲಿ ವಾಪಸ್ ತಗೊಳ್ಳೋದು ನಮ್ಮ ಸಂಸ್ಕೃತಿ ಅಲ್ಲ ಕಣಮ್ಮ,” ಎಂದು ಸಿದ್ದೇಶ್ ಅವರು ನೊಂದು ನುಡಿದರು. ಗೌರವವು ಸಾಲವಲ್ಲವಾದ್ದರಿಂದ ಅದನ್ನು ಬಾಕಿ ಎಂದು ತೋರಿಸತಕ್ಕದ್ದಲ್ಲ ಎಂದು ಸರ್ವಾನುಮತದ ನಿರ್ಣಯವಾಯಿತು. ಇಷ್ಟು ಸೂಕ್ಷ್ಮವಾಗಿ ದುಡಿದ ವಿದ್ಯಾರ್ಥಿನಿಗೆ ಗೌರವಧನವನ್ನು ಕೌಂಟರಿನಲ್ಲಿ ಕೊಟ್ಟು ಕಳಿಸುವುದು ಅಗೌರವವೆಂದೂ, ವಾರ್ಷಿಕ ಸಭೆಯ ವೇದಿಕೆಯಲ್ಲೇ ಕೊಡಬೇಕೆಂದೂ ಅದೇ ಸಭೆ ತೀರ್ಮಾನಿಸಿತು.

ಕೌಂಟರಿನಲ್ಲೇ ಕೊಡಿ ಸರ್ ಎಂದು ನಯನಾ ಗುರುಸಿದ್ದಯ್ಯನವರನ್ನು ಬೇಡಿಕೊಂಡಳು. ಅವರು ಕನ್ನಡಕ ಒರೆಸಿದರು.

ವಾರ್ಷಿಕ ಸಭೆಯ ದಿನ ಸಾಕಮ್ಮ ಶಿಫ್ಟು ತಪ್ಪಿಸಿ, ಮದುವೆಗೆ ಉಡುವ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಯನಾಳಿಗೆ ಶಾಲು ಹೊದಿಸಿದರು, ಪೇಟ ಇಟ್ಟರು. ಪೇಟ ದೊಡ್ಡದಾಗಿ ಕಣ್ಣಿಗೆ ಇಳಿಯಿತು. ಅದನ್ನು ಎತ್ತಿ ನೋಡಿದಾಗ ಕೈಯಲ್ಲಿ ಹನ್ನೆರಡು ಸಾವಿರದ ಚೆಕ್ಕು ಮಿರಮಿರ ಮಿಂಚುತ್ತಿತ್ತು. ಅಂಚು ಗಟ್ಟಿಯಾಗಿತ್ತು. ಕೆಳಗೆ ಸಾಕಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಯನಾಳಿಗೂ ಅಳು ಬಂತು. ಇಬ್ಬರ ಅಳುವಿನ ಕಾರಣ ಬೇರೆಬೇರೆಯಾಗಿದ್ದರೂ ಸಭೆ ಎರಡಕ್ಕೂ ಚಪ್ಪಾಳೆ ತಟ್ಟಿತು.

ಮರುದಿನ ಬ್ಯಾಂಕಿನವರು ಪ್ಲಾಸ್ಟಿಕ್ಕಿನೊಳಗಿನ ಚೆಕ್ಕು ನಡೆಯುವುದಿಲ್ಲವೆಂದು ಸೌಜನ್ಯದಿಂದ ಹೇಳಿದರು. ಬದಲಿ ಚೆಕ್ಕು ಬರೆದರೆ ಅದನ್ನೂ ಲ್ಯಾಮಿನೇಟ್ ಮಾಡಲೇಬೇಕಾಗುತ್ತದೆ ಎಂದು ಗುರುಸಿದ್ದಯ್ಯನವರು ನಿಯಮ ತೋರಿಸಿದರು. ಫೀಸು ಕಟ್ಟಲು ಅಂದೇ ಕೊನೆಯ ದಿನ.

“ಬೇಕಿದ್ರೆ ಸಾಲ ತಗೋಬಹುದು ಕಣಮ್ಮ. ಏನಾದ್ರೂ ಗಿರವಿ ಇಡ್ಬೇಕಾಗ್ತದೆ,” ಎಂದರು ಗುರುಸಿದ್ದಯ್ಯನವರು.

ನಯನಾಳ ಕಿವಿಯಲ್ಲಿ ಗುಲಗಂಜಿಯಷ್ಟೂ ಬಂಗಾರವಿರಲಿಲ್ಲ. ಸಿಟ್ಟಿನಿಂದ ಚೆಕ್ಕನ್ನೇ ಮೇಜಿನ ಮೇಲೆ ಕುಕ್ಕಿದಳು. “ಇದನ್ನೇ ಇಟ್ಕೊಳಿ ಸರ್.”

ಗುರುಸಿದ್ದಯ್ಯನವರು ಮೊದಲ ಬಾರಿಗೆ ಕನ್ನಡಕ ಒರೆಸಲಿಲ್ಲ. ಚೆಕ್ಕನ್ನೆತ್ತಿಕೊಂಡು ಅಧ್ಯಕ್ಷರ ಕೋಣೆಗೆ ಹೋದರು. ಅರ್ಧ ಗಂಟೆಯಲ್ಲಿ “ಗೌರವಾಧಾರಿತ ಸಾಲ ಯೋಜನೆ” ಜಾರಿಗೆ ಬಂತು. ಗೌರವವು ಸಾಲವಲ್ಲದಿದ್ದರೂ ಗೌರವದ ಮೇಲೆ ಸಾಲ ಕೊಡಲು ಅಡ್ಡಿಯಿಲ್ಲವೆಂದು ನಿರ್ಣಯದಲ್ಲಿ ಸ್ಪಷ್ಟಪಡಿಸಲಾಗಿತ್ತು. ಒಡವೆ ಸಾಲದಲ್ಲಿ ಕಲ್ಲಿನ ತೂಕ ಕಳೆಯುವಂತೆ, ಚೆಕ್ಕನ್ನು ತಕ್ಕಡಿಯಲ್ಲಿಟ್ಟು ಪ್ಲಾಸ್ಟಿಕ್ಕಿನ ತೂಕಕ್ಕೆ ಎರಡು ಸಾವಿರ ಕಳೆದರು. ಉಳಿದ ಹತ್ತು ಸಾವಿರ, ನೂರಕ್ಕೆ ಹದಿನಾರರ ಬಡ್ಡಿಯಲ್ಲಿ, ನಗದಾಗಿ ನಯನಾಳ ಕೈಗೆ ಬಂತು. ತನ್ನ ಸಂಬಳವನ್ನೇ ತಾನು ಸಾಲ ಪಡೆದೆನೆಂದು ಅವಳಿಗೆ ಗೊತ್ತಿತ್ತು. ನಾಲ್ಕು ಗಂಟೆಗೆ ಕಾಲೇಜಿನ ಕೌಂಟರು ಮುಚ್ಚುತ್ತದೆಂದೂ ಗೊತ್ತಿತ್ತು. ಸಹಿ ಹಾಕಿ ಆಟೋ ಹತ್ತಿದಳು.

ಸುದ್ದಿ ಅಗ್ರಹಾರದಲ್ಲಿ ಹಬ್ಬಿತು. ಗೋಡೆಯ ಮೇಲೆ ಸುಮ್ಮನೆ ನೇತಾಡುವ ಚೆಕ್ಕಿಗೆ ಸಾಲ ಹುಟ್ಟುವುದಾದರೆ ಬಿಡುವವರು ಯಾರು? ಸನ್ಮಾನಿತರೆಲ್ಲ ಮೊಳೆಯಿಂದ ಚೆಕ್ಕು ಇಳಿಸಿ ತಂದರು. ಕೊನೆಗೆ ಚೆಲುವಮ್ಮನೂ ಕುಂಕುಮ ಒರೆಸಿ ತಂದಿಟ್ಟಳು. ಚೆಕ್ಕುಗಳೆಲ್ಲ ಸಂಘದ ತಿಜೋರಿಗೇ ಮರಳಿದ್ದರಿಂದ ಅವನ್ನು ಕೊಟ್ಟೇ ಇಲ್ಲವೆಂದು ಪುಸ್ತಕ ತಿದ್ದಲಾಯಿತು. ಆ ತಿಂಗಳು ಎರಡೂ ಪುಸ್ತಕಗಳು ಪೈಸೆಗೆ ಪೈಸೆ ತಾಳೆಯಾದವು. ಸಂಘದವರು ಕಚೇರಿಯಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿದರು. ನಯನಾಳ ಇಂಟರ್ನ್‌ಷಿಪ್ ವರದಿಗೆ ಕಾಲೇಜು ಪೂರ್ಣ ಅಂಕ ಕೊಟ್ಟಿತು.

ಮನೆಯಲ್ಲಿ ಸಾಕಮ್ಮ ಒಂದು ವಾರ ಕಾದು ಕೇಳಿದಳು: “ಚೆಕ್ಕೆಲ್ಲವ್ವ? ಗೋಡೆಗೆ ಮೊಳೆ ಹೊಡ್ದಿವ್ನಿ.”

ಶಿಫ್ಟು ಮುಗಿಸಿ ಬಂದ ತಾಯಿಯ ಮುಖ ನೋಡಿ ನಯನಾ, ಸಂಘದಲ್ಲೇ ಇದೆ, ನಾಳೆ ತರ್ತೀನಿ ಎಂದಳು. ಮರುದಿನ ಗುರುಸಿದ್ದಯ್ಯನವರು ತಿಜೋರಿಯಿಂದ ಚೆಕ್ಕು ತೆಗೆದುಕೊಟ್ಟು, ಕಲರ್ ಜೆರಾಕ್ಸ್ ತೆಗೆಸಿಕೊಂಡು ಅಸಲನ್ನು ತಂದಿಡಲು ಹೇಳಿದರು. ಎಲ್ಲರೂ ಹಾಗೇ ಮಾಡುತ್ತಿದ್ದಾರಂತೆ. ಅಧ್ಯಕ್ಷರ ಭಾಮೈದನ ಅಂಗಡಿಯ ಮುಂದೆ ಉದ್ದ ಸಾಲಿತ್ತು, ಚೆಲುವಮ್ಮನೂ ಇದ್ದಳು. ನಯನಾ ಅವಳ ಹಿಂದೆ ನಿಂತಳು. ತನ್ನ ಸರದಿ ಬಂದಾಗ, ಲ್ಯಾಮಿನೇಷನ್ ಸ್ವಲ್ಪ ದಪ್ಪದ್ದೇ ಹಾಕಿ ಅಣ್ಣ, ಬಹಳ ವರ್ಷ ಇರಬೇಕು ಎಂದಳು.