ಮುತ್ತಜ್ಜನ ಅಪ್ಪನ ಕುದುರೆ

ಬಾಯಿ ತುಂಬ ಪೆಕಾನ್ ಪೈ ಇರುವಾಗ ಮನುಷ್ಯ ತಲೆ ಆಡಿಸಬಾರದು. ವೆಂಡೆಲ್ ಸ್ಟೋವಲ್ ಆಡಿಸಿದ, ಅದೂ ಎರಡು ಸಲ. ಚರ್ಚಿನ ಬುಧವಾರದ ಊಟದಲ್ಲಿ ಪಕ್ಕದ ಮನೆಯ ಮಿಸ್ ಒಡೆಸ್ಸಾ ಕ್ರಂಪ್ ಎದುರಿಗೆ ಕೂತು, ನಿಮ್ಮ ಮುತ್ತಜ್ಜನ ಅಪ್ಪ ಅಬ್ಸಲಮ್ ಅಂತರ್ಯುದ್ಧದಲ್ಲಿ ದಕ್ಷಿಣದವರ ಕಾನ್ಫೆಡರೇಟ್ ಅಶ್ವದಳದಲ್ಲಿದ್ದವರಲ್ಲವೇ ಎಂದು ಕೇಳಿದ್ದರು. ಮೊದಲ ಸಲ ತಲೆ ಆಡಿಸಿದ್ದು ಅದಕ್ಕೆ. ಎರಡನೆಯ ಸಲ ಆಡಿಸಿದ್ದು ಪೈ ರುಚಿಯಾಗಿತ್ತು ಎಂದು. ಆದರೆ ಮಿಸ್ ಒಡೆಸ್ಸಾ ಆ ಹೊತ್ತಿಗೆ ಎರಡನೆಯ ಪ್ರಶ್ನೆ ಕೇಳಿಯಾಗಿತ್ತು. ಅದೇನೆಂದು ವೆಂಡೆಲ್‌ಗೆ ತಿಳಿದದ್ದು ಶನಿವಾರ ಬೆಳಿಗ್ಗೆ, ಅವನ ಮನೆಯಂಗಳದಲ್ಲಿ ಕುದುರೆಯೊಂದು ಕೆನೆದಾಗ.

ಅಂದು ಕೌಂಟಿ ಸ್ಥಾಪನೆಯಾದ ದಿನದ ಹಬ್ಬ. ಸೀಡರ್ ಫೋರ್ಡಿನ ಜನ ಮಧ್ಯಾಹ್ನ ನಾಲ್ಕಕ್ಕೆ ನದಿ ದಂಡೆಯಿಂದ ಕೋರ್ಟಿನ ಚೌಕದವರೆಗೆ ಮೆರವಣಿಗೆ ಹೊರಡುವುದಿತ್ತು. ಕಾನ್ಫೆಡರೇಟ್ ಬಾವುಟ ಇರಬೇಕೇ, ಬಂದೂಕು ಇರಬೇಕೇ ಎಂದು ಎರಡು ವರ್ಷ ಕಚ್ಚಾಡಿದ ಮೇಲೆ, ಸಮಿತಿಯ ಅಧ್ಯಕ್ಷೆ ಮಿಸ್ ಒಡೆಸ್ಸಾ ಒಂದೇ ನಿಯಮ ಮಾಡಿದ್ದರು. ಬಾವುಟವೂ ಬೇಡ, ಬಂದೂಕೂ ಬೇಡ. ಹಿರಿಯರು ಊರಿಗೆ ಹೇಗೆ ಬಂದರೋ ಹಾಗೆ ಮಕ್ಕಳು ಬರಬೇಕು. ದೋಣಿಯವನ ಮೊಮ್ಮಗ ಹುಟ್ಟು ಹಿಡಿದು, ಕಮ್ಮಾರನ ಮರಿಮಗಳು ಸುತ್ತಿಗೆ ಹಿಡಿದು. ಹೋದ ವಾರ ತಾಲೀಮಿನಲ್ಲಿ ಬ್ಯಾಂಕಿನ ಮ್ಯಾನೇಜರು ಸಾರೋಟಿನಲ್ಲಿ ಬಂದಾಗ, ನಿಮ್ಮವರು ಹಂದಿ ಹೊಡೆದುಕೊಂಡು ನಡೆದು ಬಂದವರು ಎಂದು ಇಳಿಸಿದ್ದರು. ಮೂವತ್ತು ವರ್ಷ ಶಾಲೆಯ ಆಫೀಸಿನಲ್ಲಿ ರಜಾ ಚೀಟಿ ಪರೀಕ್ಷಿಸಿದ ಹೆಂಗಸು. ಮಂಡಿನೋವು, ಬೆನ್ನುನೋವು ಅವರ ಮುಂದೆ ನಡೆಯುತ್ತಿರಲಿಲ್ಲ. ಸತ್ಯಾಂಶಕ್ಕೆ ಮಾತ್ರ ತಲೆಬಾಗುತ್ತಿದ್ದರು. ಹಾಗಾದರೆ ನೀವು ಕುದುರೆ ಹತ್ತಿ ಬರುತ್ತೀರಲ್ಲ ಎಂಬುದೇ ಅವರು ಬುಧವಾರ ಕೇಳಿದ್ದ ಎರಡನೆಯ ಪ್ರಶ್ನೆ.

ವೆಂಡೆಲ್ ಕನ್ನಡಕದ ಅಂಗಡಿಯವನು. ಆರನೆಯ ವಯಸ್ಸಿನಲ್ಲಿ ಜಾತ್ರೆಯ ಗಿಡ್ಡ ಕುದುರೆಯೊಂದು ಅವನನ್ನು ನಿಂಬೆ ಪಾನಕದ ಕೊಪ್ಪರಿಗೆಗೆ ಎತ್ತಿ ಹಾಕಿತ್ತು. ಅಂದಿನಿಂದ ಕುದುರೆ ಚಿತ್ರದ ಕ್ಯಾಲೆಂಡರ್ ಕಂಡರೂ ಅವನು ಕೋಣೆಯ ಆಚೆ ಬದಿಯಲ್ಲಿ ನಡೆಯುತ್ತಾನೆ. ಊರಿನ ಹಳಬರು ಇವತ್ತಿಗೂ ಅಂಗಡಿಗೆ ಬಂದರೆ, ನಿಂಬೆ ಪಾನಕ ಸಿಗುತ್ತದೆಯೇ ಎಂದೇ ಮಾತು ಶುರುಮಾಡುತ್ತಾರೆ. ಇನ್ನೊಮ್ಮೆ ಊರೆಲ್ಲದರ ಮುಂದೆ ಬೀಳುವುದೆಂದರೆ ಈ ಊರು ಬಿಟ್ಟಂತೆಯೇ. ಸಾಲದ್ದಕ್ಕೆ ಹೆಂಡತಿ ಲರ್ಲೀನ್ ತನ್ನ ಅಕ್ಕಂದಿರಿಗೆ ಫೋನು ಮಾಡಿಯಾಗಿತ್ತು. ಅವರು ಚಟ್ಟನೂಗಾದಿಂದ ಗಂಡಂದಿರನ್ನೂ ಮಡಚುವ ಕುರ್ಚಿಗಳನ್ನೂ ಹೇರಿಕೊಂಡು ಹೊರಟಿದ್ದರು.

ಕುದುರೆ ತಂದಿದ್ದವರು ಪಶುವೈದ್ಯ ಲೂಷಿಯಸ್ ಬ್ಯಾಟಲ್. ಕಪ್ಪು ಮನುಷ್ಯ, ಆರಡಿ ಎತ್ತರ, ನಗುವುದಿದ್ದರೆ ಮೀಸೆಯೊಳಗೇ.

"ಇವಳ ಹೆಸರು ಬಿಸ್ಕಿಟ್. ಮುದುಕಿ, ಕಚ್ಚಲ್ಲ" ಎಂದರು. "ನಿಮ್ಮ ಅಬ್ಸಲಮ್‌ನ ಕುದುರೆಗೆ ಲಾಳ ಹೊಡೆದದ್ದು ನಮ್ಮ ಮುತ್ತಜ್ಜನ ಅಪ್ಪ. ಆ ಗುಲಾಮಗಿರಿ ಕಾಲದಲ್ಲಿ ಅವರಿಗೆ ಕೂಲಿ ಅಂತ ಒಂದಿದೆ ಅನ್ನೋದನ್ನೇ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ಸಮಿತಿ ಹತ್ರ ಬಾಡಿಗೆ ಮುಂಗಡ ಇಸ್ಕೊಂಡಿದೀನಿ."

ವೆಂಡೆಲ್‌ಗೆ ಒಂದು ಉಪಾಯ ಹೊಳೆಯಿತು. ಅಬ್ಸಲಮ್ ಕುದುರೆ ಏರಿದವನೇ ಅಲ್ಲ ಎಂದು ತೋರಿಸಿಬಿಟ್ಟರೆ? ಸೈನ್ಯದಲ್ಲಿ ಅಡುಗೆ ಮಾಡಿದವರಿರಲಿಲ್ಲವೇ, ತಮಟೆ ಬಡಿದವರಿರಲಿಲ್ಲವೇ? ಐವತ್ತೈದು ವರ್ಷ ವಂಶದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದ ವೆಂಡೆಲ್ ಆ ಬೆಳಿಗ್ಗೆ ಹತ್ತು ಗಂಟೆಗೆ ಸಂಶೋಧಕನಾದ.

ಮೊದಲು ಹೋದದ್ದು ಸ್ಮಶಾನಕ್ಕೆ. ಅಬ್ಸಲಮ್‌ನ ಕಲ್ಲು ಹಾವಸೆಯಲ್ಲಿ ಮುಚ್ಚಿಹೋಗಿ ಅಕ್ಷರ ಕಾಣುತ್ತಿರಲಿಲ್ಲ. ಅದು ಶುಭಶಕುನವೆನಿಸಿತು. ಬಕೆಟ್ ನೀರು, ಬ್ರಷ್ಷು ತಂದು ಬೆವರು ಸುರಿಸಿ ತಿಕ್ಕಿದ. ತಿಕ್ಕಿದಂತೆಲ್ಲ ಕಲ್ಲಿನಿಂದ ಮೊದಲು ಒಂದು ಕಿವಿ ಎದ್ದಿತು, ಆಮೇಲೆ ಕೇಸರ, ಆಮೇಲೆ ಮುಂಗಾಲೆತ್ತಿ ನಿಂತ ಇಡೀ ಕುದುರೆ. ಅದರ ಮೇಲೆ ಕತ್ತಿ ಹಿರಿದ ಸವಾರ. ಬೇರೊಂದು ಸಮಾಧಿಗೆ ಹೂ ಇಡಲು ಬಂದಿದ್ದ ಮಿಸ್ ಒಡೆಸ್ಸಾ ಹಿಂದಿನಿಂದ ಬಂದು, ಇಂದಿನ ದಿನ ಹಿರಿಯರ ಕಲ್ಲು ತೊಳೆಯುವ ನಿಮ್ಮಂಥವರು ಊರಿಗೊಬ್ಬರಿದ್ದರೆ ಸಾಕು ಎಂದು ಕಣ್ಣೊರೆಸಿಕೊಂಡರು. ಫೋಟೋ ತೆಗೆದು ಇಡೀ ಸಮಿತಿಗೆ ಕಳಿಸಿದರು.

ಅಲ್ಲಿಂದ ಅವನು ಲೈಬ್ರರಿಯ ವಂಶಾವಳಿ ಕೋಣೆಗೆ ಓಡಿದ. ಸೈನಿಕರ ಹಾಜರಿ ಪಟ್ಟಿಯ ನಕಲು ಅಲ್ಲಿತ್ತು. ಆ ಸೈನ್ಯದ ಸವಾರರು ಕುದುರೆಯನ್ನು ಮನೆಯಿಂದಲೇ ತರಬೇಕು. ಸೇರುವಾಗ ಅಧಿಕಾರಿಗಳು ಅದಕ್ಕೊಂದು ಬೆಲೆ ಕಟ್ಟಿ ಬರೆದುಕೊಳ್ಳುತ್ತಿದ್ದರು. ಅಬ್ಸಲಮ್‌ನ ಕುದುರೆಗೆ ಕಟ್ಟಿದ ಬೆಲೆ ಆ ತುಕಡಿಯಲ್ಲೇ ಹೆಚ್ಚಿನದು. ವೆಂಡೆಲ್ ಪುಸ್ತಕ ಮುಚ್ಚುವ ಮೊದಲೇ ಲೈಬ್ರರಿಯ ಹೆಂಗಸು ಅವನ ಹೆಗಲ ಮೇಲಿಂದ ಓದಿ ಮುಗಿಸಿದ್ದಳು. ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಫೋನಿನಲ್ಲಿ ಮಿಸ್ ಒಡೆಸ್ಸಾ.

"ವೆಂಡೆಲ್, ಅಷ್ಟು ದುಬಾರಿ ಕುದುರೆ ಅಂದ್ರೆ ಮುದುಕಿ ಬಿಸ್ಕಿಟ್ ಸರಿಹೋಗಲ್ಲ. ಡಾಕ್ಟರಿಗೆ ಹೇಳಿದೀನಿ. ಡೀಕನ್‌ನ ತರ್ತಾರೆ."

ಡೀಕನ್ ಕೋರ್ಟಿನ ಚೌಕದಲ್ಲಿ ಟ್ರೇಲರಿನಿಂದ ಇಳಿಯುತ್ತಿತ್ತು. ಕಪ್ಪು ಗಂಡುಕುದುರೆ, ಮನೆಯ ಬಾಗಿಲಷ್ಟು ಎತ್ತರ. ಸಂಶೋಧನೆ ಹೆಚ್ಚಾದಂತೆ ಕುದುರೆಯೂ ಬೆಳೆಯುತ್ತಿದೆ ಎಂದು ವೆಂಡೆಲ್‌ಗೆ ಖಾತ್ರಿಯಾಯಿತು. ಇನ್ನೊಂದು ಆಧಾರ ಸಿಕ್ಕಿದರೆ ಬಹುಶಃ ಆನೆಯೇ ಬರುತ್ತದೆ.

ಉಳಿದದ್ದು ಸೋದರತ್ತೆ ಆರ್ಡೆಲ್ ಒಬ್ಬಳೇ. ತೊಂಬತ್ತಮೂರು ವರ್ಷದ ಆಕೆ ಊರಾಚೆಯ ತೋಟದ ಮನೆಯಲ್ಲಿ, ಜಗಲಿಯ ತೂಗುಕುರ್ಚಿಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ವೆಂಡೆಲ್ ಎಲ್ಲವನ್ನೂ ಹೇಳಿದ. ಭಯವನ್ನೂ ಹೇಳಿದ. ಆಕೆ ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು.

"ಅದು ನಿನ್ನದಲ್ಲ ಮರಿ, ವಂಶದ್ದು" ಎಂದಳು. "ಅಬ್ಸಲಮ್‌ಗೂ ಕುದುರೆ ಅಂದ್ರೆ ಜೀವ ಹೋಗ್ತಿತ್ತು. ನನ್ನ ಅಜ್ಜ ಹೇಳೋರು. ನಡೆಯೋಕೆ ಸೋಮಾರಿ, ಹತ್ತೋಕೆ ಭಯ. ನಡೆಯೋದು ಬೇಡ ಅಂತ ಅಪ್ಪನ ಕುದುರೆ ತಗೊಂಡು ಅಶ್ವದಳ ಸೇರಿದ. ಮೊದಲನೇ ಚಳಿಗಾಲದಲ್ಲೇ ಅದು ಹೊಟ್ಟೆನೋವು ಬಂದು ಸತ್ತುಹೋಯ್ತು."

"ಆಮೇಲೆ?"

"ಕುದುರೆ ಸತ್ರೆ ಇನ್ನೊಂದು ತರ್ಬೇಕು, ಇಲ್ಲಾಂದ್ರೆ ಕಾಲಾಳು. ತರೋಕೆ ಅಂತ ರಜಾ ಕೊಟ್ಟು ಮನೆಗೆ ಕಳಿಸಿದ್ರು. ಬಂದ. ಕುದುರೆ ಹುಡುಕಿದ. ಯುದ್ಧ ಮುಗಿಯೋವರೆಗೂ ಹುಡುಕ್ತಾನೇ ಇದ್ದ. ಪಕ್ಕದ ತೋಟದಲ್ಲೇ ನಾಲ್ಕು ಮೇಯ್ತಿದ್ವಂತೆ, ಅವನ ಕಣ್ಣಿಗೆ ಬೀಳ್ಲಿಲ್ಲ."

ಸಮಾಧಿಕಲ್ಲಿನ ಕತ್ತಿ ಸವಾರ ಎಲ್ಲಿಂದ ಬಂದ ಎಂದರೆ, ವಿಧವೆ ಕೆತ್ತಿಸಿದ್ದಂತೆ. ಬದುಕಿದ್ದಾಗಲಂತೂ ಹತ್ತಲಿಲ್ಲ, ಸತ್ತ ಮೇಲಾದರೂ ಹತ್ತಲಿ ಎಂದು.

ವೆಂಡೆಲ್ ಅತ್ತೆಯ ಕೆನ್ನೆಗೆ ಮುತ್ತಿಟ್ಟ. ಯಾವ ವಂಶಜನೂ ಹಿರಿಯನ ಹೇಡಿತನ ಕೇಳಿ ಅಷ್ಟು ಹಿಗ್ಗಿರಲಾರ. ಆಕೆಯನ್ನು ಸಾಕ್ಷಿಗೆಂದು ಕಾರಿನಲ್ಲಿ ಕೂರಿಸಿದ. ಹೊರಡುವ ಮುಂಚೆ ಅತ್ತೆ ಕೊಟ್ಟಿಗೆ ತೋರಿಸಿ, ಅಬ್ಸಲಮ್‌ನ ಜೀನು ಇನ್ನೂ ಅಲ್ಲೇ ಇದೆ, ಬರಿ ಮಾತು ಒಡೆಸ್ಸಾಗೆ ಸಾಲದು, ಅದನ್ನೂ ಹಾಕಿಕೋ ಎಂದಳು. ಮರದ ಚೌಕಟ್ಟಿನ, ಕಾಲಿಡಲು ಕಬ್ಬಿಣದ ರಿಕಾಪುಗಳಿದ್ದ ಜೀನು. ಹೆಚ್ಚು ಬಳಸದೆ ಇದ್ದುದರಿಂದ ಗಟ್ಟಿಯಾಗಿಯೇ ಇತ್ತು. ಸಾಕ್ಷ್ಯ ಎಷ್ಟಿದ್ದರೂ ಒಳ್ಳೆಯದೇ ಎಂದು ವೆಂಡೆಲ್ ಏದುಸಿರು ಬಿಡುತ್ತ ಡಿಕ್ಕಿಗೆ ಹಾಕಿದ.

ನದಿ ದಂಡೆಯಲ್ಲಿ ಎಲ್ಲರೂ ಸಾಲುಗಟ್ಟಿ ನಿಂತಿದ್ದರು. ಮಿಸ್ ಒಡೆಸ್ಸಾ ಅತ್ತೆಯ ಮಾತನ್ನು ಒಂದಕ್ಷರವೂ ತಪ್ಪದೆ ಕೇಳಿದರು. ಜೀನನ್ನು ಬೆರಳಿನಿಂದ ತಟ್ಟಿದರು.

"ಸತ್ಯ ಸತ್ಯವೇ" ಎಂದರು. "ನೀವು ಕುದುರೆ ಹತ್ತೋ ಹಾಗಿಲ್ಲ ವೆಂಡೆಲ್. ಕ್ಷಮಿಸಬೇಕು."

ವೆಂಡೆಲ್ ಮುಖದಲ್ಲಿ ನಿರಾಸೆ ತಂದುಕೊಳ್ಳಲು ಬಹಳ ಕಷ್ಟಪಟ್ಟ. ನಿಯಮ ಎಂದರೆ ನಿಯಮ ಎಂದ.

"ಡೀಕನ್‌ನ ನಾನೇ ಹತ್ತುತೀನಿ ಬಿಡಿ" ಎಂದರು ಡಾಕ್ಟರ್ ಬ್ಯಾಟಲ್. "ಬಿಡುಗಡೆ ಆದಮೇಲೆ ನಮ್ಮ ಲಾಳದ ಅಜ್ಜ ಸ್ವಂತ ಕುದುರೆ ಕೊಂಡು ಇದೇ ರಸ್ತೇಲಿ ಬಂದಿದ್ರು. ಕೇಳಿ ನೋಡಿ, ಮಿಸ್ ಆರ್ಡೆಲ್‌ಗೂ ಗೊತ್ತು."

ಅತ್ತೆ ಹೌದೆಂದಳು. ಮಿಸ್ ಒಡೆಸ್ಸಾ ಬರೆದುಕೊಂಡರು. ಬರೆಯುತ್ತಲೇ, ತಲೆ ಎತ್ತದೆ, ಒಂದು ಪ್ರಶ್ನೆ ಕೇಳಿದರು.

"ಮಿಸ್ ಆರ್ಡೆಲ್, ಕುದುರೆ ಸತ್ತಮೇಲೆ ಅಬ್ಸಲಮ್ ಊರಿಗೆ ಹೇಗೆ ಬಂದ?"

"ನಡ್ಕೊಂಡು."

"ಜೀನು?"

"ಜೀನು ಅವನದೇ ಅಲ್ವಾ, ಬಿಟ್ಟು ಬರೋಕಾಗುತ್ತಾ? ಬೆನ್ನ ಮೇಲೆ ಹೊತ್ಕೊಂಡು ಬಂದ."

ಬ್ಯಾಂಡು ಶುರುವಾಯಿತು. ದಂಡೆಯಿಂದ ಚೌಕದವರೆಗೂ ಏರುದಾರಿ. ಮುಂದೆ ಡೀಕನ್ ಮೇಲೆ ಡಾಕ್ಟರ್ ಬ್ಯಾಟಲ್ ದೊರೆಯಂತೆ ಹೋಗುತ್ತಿದ್ದರು. ಅದರ ಬಾಲಕ್ಕೆ ಮಾರು ದೂರದಲ್ಲಿ ವೆಂಡೆಲ್, ಬೆನ್ನ ಮೇಲೆ ಜೀನು, ಹೆಜ್ಜೆಗೊಮ್ಮೆ ಮೊಣಕಾಲಿಗೆ ಬಡಿಯುವ ರಿಕಾಪು. ಡೀಕನ್ ಬಿಟ್ಟುಹೋದದ್ದನ್ನು ದಾಟಲು ಹೋಗಿ ಎಡವಿದ್ದರಿಂದ ಅಂಗಿಗೆಲ್ಲ ಮಣ್ಣು, ಕನ್ನಡಕ ಸೊಟ್ಟ.

ಸಂಶೋಧನೆಯ ಸಂಗತಿ ಗೊತ್ತಿದ್ದದ್ದು ನದಿ ದಂಡೆಯಲ್ಲಿದ್ದವರಿಗೆ ಮಾತ್ರ. ರಸ್ತೆಯ ಎರಡೂ ಬದಿಗೆ ಕೂತಿದ್ದ ಊರಿಗೆ ಕಂಡದ್ದು ಇಷ್ಟೇ: ಬೆಳಿಗ್ಗೆಯಿಂದ ವೆಂಡೆಲ್ ಹತ್ತುತ್ತಾನೆಂದು ಸಾರಿದ್ದ ಕುದುರೆ, ಅದರ ಮೇಲೆ ಬೇರೊಬ್ಬ, ಹಿಂದೆ ಜೀನು ಹೊತ್ತು ಕುಂಟುವ ವೆಂಡೆಲ್.

ಚೌಕದ ತಿರುವಿನಲ್ಲಿ ಚಟ್ಟನೂಗಾದ ದೊಡ್ಡ ಷಡ್ಡಕ ಮಡಚುವ ಕುರ್ಚಿಯಿಂದ ಎದ್ದು ನಿಂತು, ಕೈಯಲ್ಲಿದ್ದ ಲೋಟವನ್ನು ಮರುಕದಿಂದ ಅವನತ್ತ ಚಾಚಿದ.

"ಎಲ್ಲಿ ಬಿದ್ಯಪ್ಪಾ? ತಗೋ, ನಿಂಬೆ ಪಾನಕ."